ಸೆಸಿಲ್ ಬೀಟನ್‌ನ ಕಾಗದಪತ್ರಗಳು



ಛಾಯಾಗ್ರಾಹಕನ ಬಗ್ಗೆ ಉಪನ್ಯಾಸವೆಂದರೆ ಪರದೆ ಇಳಿಬಿಟ್ಟು ಚಿತ್ರಗಳನ್ನು ತೋರಿಸುವುದು ವಾಡಿಕೆ. ಇವತ್ತು ಪರದೆಯಿಲ್ಲ. ಸೆಸಿಲ್ ಬೀಟನ್ ತೆಗೆದ ಚಿತ್ರಗಳನ್ನು ನೀವು ಎಲ್ಲಿ ಬೇಕಾದರೂ ನೋಡಬಹುದು. ಆ ಚಿತ್ರಗಳಿಗಾಗಿ ಅವನು ಯಾರ ಬಾಗಿಲು ತಟ್ಟಿದ, ಯಾರ ಸಿಟ್ಟಿಗೆ ಗುರಿಯಾದ, ಯಾರ ಕ್ಷಮೆ ಕೇಳಿದ ಎಂಬುದು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ. ಅದು ಇರುವುದು ಕಾಗದಪತ್ರಗಳಲ್ಲಿ. ಅವನು ಬರೆದ, ಅವನಿಗೆ ಬಂದ ಪತ್ರಗಳನ್ನು ಮುಂದಿಟ್ಟುಕೊಂಡು ಅವನ ಕಸುಬನ್ನು ಅರಿಯಬಹುದೇ ಎಂದು ನೋಡುವುದು ನನ್ನ ಇಂದಿನ ಉದ್ದೇಶ.

ಬೀಟನ್ ಹುಟ್ಟಿದ್ದು 1904ರ ಜನವರಿಯಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಮರದ ವ್ಯಾಪಾರಿ. ಮನೆಯಲ್ಲಿ ಅನುಕೂಲವಿತ್ತು, ಆದರೆ ಇಂಗ್ಲೆಂಡಿನ ಕುಲೀನರ ಪಂಕ್ತಿಯಲ್ಲಿ ಕೂರುವಷ್ಟು ಮನೆತನವಿರಲಿಲ್ಲ. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ 1922ರಲ್ಲಿ ಸೇರಿ, 1925ರಲ್ಲಿ ಪದವಿ ಪಡೆಯದೆಯೇ ಹೊರಬಿದ್ದ. ಮುಂದೆ ಅರ್ಧ ಶತಮಾನ ಕಾಲ 'ವೋಗ್' ಪತ್ರಿಕೆಯ ಪುಟಗಳಲ್ಲಿ, ಅರಮನೆಯ ಪಡಸಾಲೆಗಳಲ್ಲಿ, ನ್ಯೂಯಾರ್ಕಿನ ರಂಗಮಂಚದ ಮೇಲೆ, ಹಾಲಿವುಡ್ಡಿನ ಸ್ಟುಡಿಯೋಗಳಲ್ಲಿ ಅವನ ಕೈ ಕಾಣಿಸಿಕೊಂಡಿತು. 'ಜಿಜಿ' ಚಿತ್ರದ ಉಡುಗೆಗಳಿಗೆ ಒಂದು ಆಸ್ಕರ್ ಬಂತು. 1964ರ 'ಮೈ ಫೇರ್ ಲೇಡಿ' ಚಿತ್ರಕ್ಕೆ ಎರಡು ಬಂದವು, ಒಂದು ಉಡುಗೆಗೆ, ಇನ್ನೊಂದು ಕಲಾ ನಿರ್ದೇಶನಕ್ಕೆ. 1972ರಲ್ಲಿ ಸರ್ ಪದವಿಯೂ ಬಂತು.

ಇಂಥ ಬಾಳಿನ ದಾಖಲೆ ಒಂದೇ ಕಡೆ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಅದು ಆಸ್ತಿ ಪಾಲಾದಂತೆ ಹಂಚಿಹೋಗಿದೆ. 1974ರಲ್ಲಿ ಪಾರ್ಶ್ವವಾಯು ಬಡಿದು ಬೀಟನ್‌ನ ಬಲಗೈ ಸ್ವಾಧೀನ ತಪ್ಪಿತು. ಮುಪ್ಪಿನ ಖರ್ಚಿನ ಚಿಂತೆ ಹತ್ತಿತು. 1977ರಲ್ಲಿ ಅವನ ಸ್ಟುಡಿಯೋ ಸಂಗ್ರಹವನ್ನು, ಲಕ್ಷಕ್ಕೂ ಹೆಚ್ಚು ನೆಗೆಟಿವ್ ಮತ್ತು ಪ್ರಿಂಟುಗಳನ್ನು, ಹರಾಜು ಸಂಸ್ಥೆಯಾದ ಸದಬೀಸ್ ಕೊಂಡುಕೊಂಡಿತು. ರಾಜಮನೆತನದ ಚಿತ್ರಗಳು ಆ ವ್ಯಾಪಾರಕ್ಕೆ ಸೇರಲಿಲ್ಲ. ಅವು ಮುಂದೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರಕ್ಕಾಗಿ ತೆಗೆದ ಸುಮಾರು 7,000 ಚಿತ್ರಗಳು ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ. ದಿನಚರಿಗಳು ಮತ್ತು ಪತ್ರಗಳು ಅವನು ಪದವಿ ಪಡೆಯದ ಅದೇ ಸೇಂಟ್ ಜಾನ್ಸ್ ಕಾಲೇಜಿನ ಗ್ರಂಥಾಲಯಕ್ಕೆ ಬಂದು ಸೇರಿದವು. ಕೈಬರಹದ ದಿನಚರಿಗಳೇ 145 ಸಂಪುಟ. ಅವುಗಳ ಜೊತೆಗೆ, ಬಂಧುಗಳು, ಗೆಳೆಯರು, ಪ್ರಕಾಶಕರು, ಪತ್ರಿಕೆಯವರು, ನಟನಟಿಯರು ಬರೆದ ಕಾಗದಗಳು.

ಹೀಗೆ ಹಂಚಿಹೋದದ್ದರಿಂದ ಒಂದು ಅನ್ಯಾಯವಾಗಿದೆ. ಚಿತ್ರಕ್ಕೆ ಬೆಲೆ ಸಿಕ್ಕಿತು, ಪ್ರದರ್ಶನ ಸಿಕ್ಕಿತು, ದೊಡ್ಡ ದೊಡ್ಡ ಪುಸ್ತಕಗಳು ಬಂದವು. ಕಾಗದ ಮಾತ್ರ ಜೀವನಚರಿತ್ರೆ ಬರೆಯುವವರ ಪಾಲಿಗೆ ಬಿಟ್ಟದ್ದಾಯಿತು. ಬೀಟನ್ ಯಾರನ್ನು ಪ್ರೀತಿಸಿದ, ಯಾರನ್ನು ದ್ವೇಷಿಸಿದ ಎಂದು ತಿಳಿಯಲು ಪತ್ರ ಓದುತ್ತಾರೆ. ಅವನು ಹೇಗೆ ಕೆಲಸ ಮಾಡಿದ ಎಂದು ತಿಳಿಯಲು ಚಿತ್ರ ನೋಡುತ್ತಾರೆ. ಈ ವಿಂಗಡಣೆ ತಪ್ಪು ಎಂಬುದು ನನ್ನ ವಾದ. ಗಣ್ಯರ ಛಾಯಾಗ್ರಾಹಕನ ಕೆಲಸದ ಅರ್ಧ ಭಾಗ ನಡೆಯುವುದೇ ಕಾಗದದ ಮೇಲೆ. ದೊಡ್ಡವರ ಮನೆಯೊಳಕ್ಕೆ ಕ್ಯಾಮೆರಾ ತೆಗೆದುಕೊಂಡು ಹೋಗುವ ಮುಂಚೆ ಅಲ್ಲಿಗೆ ಒಂದು ಲಕೋಟೆ ಹೋಗಿರಬೇಕು. ಬಂದ ಮೇಲೆ ಇನ್ನೊಂದು.

ಮೊದಲ ಉದಾಹರಣೆ ಅವನ ಎಳೆತನದ್ದು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾಳ ಬಳಿ ಕೊಡ್ಯಾಕ್ 3ಎ ಕ್ಯಾಮೆರಾ ಇತ್ತು. ಚಿತ್ರ ತೆಗೆಯುವುದನ್ನೂ ಫಿಲ್ಮ್ ತೊಳೆಯುವುದನ್ನೂ ಹುಡುಗನಿಗೆ ಕಲಿಸಿದವಳು ಆಕೆಯೇ. ತಾಯಿ, ತಂಗಿಯರಾದ ನ್ಯಾನ್ಸಿ ಮತ್ತು ಬಾಬಾ ಅವನ ಮೊದಲ ರೂಪದರ್ಶಿಯರು. ಚಿತ್ರ ಸಮಾಧಾನವಾಗುವಂತೆ ಬಂದಾಗ ಅವನು ಅದನ್ನು ಲಂಡನ್ನಿನ ಗಣ್ಯಸಮಾಜದ ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಎಷ್ಟೋ ಸಲ ತನ್ನ ಹೆಸರಿನಲ್ಲಿ ಅಲ್ಲ. ಬೇರೊಂದು ಹೆಸರು ಇಟ್ಟುಕೊಂಡು, ಸೆಸಿಲ್ ಬೀಟನ್ ಎಂಬ ಛಾಯಾಗ್ರಾಹಕ ಬಹಳ ಚೆನ್ನಾಗಿ ಚಿತ್ರ ತೆಗೆಯುತ್ತಾನೆ, ಅವನ ಕೆಲಸವನ್ನು ನೀವು ಗಮನಿಸಬೇಕು ಎಂದು ಶಿಫಾರಸು ಮಾಡುವ ಒಕ್ಕಣೆ. ಅವನ ವೃತ್ತಿಯ ಮೊದಲ ಪತ್ರವ್ಯವಹಾರವೇ ಇದು. ಇದನ್ನು ಹುಡುಗಾಟವೆಂದು ತಳ್ಳಿಹಾಕಬಾರದು. ಪರಿಚಯಪತ್ರವಿಲ್ಲದೆ ಯಾವ ಬಾಗಿಲೂ ತೆರೆಯದ ಸಮಾಜದಲ್ಲಿ ಹುಟ್ಟಿದವನು, ಪರಿಚಯಪತ್ರ ಬರೆದುಕೊಡುವವರಿಲ್ಲದ್ದರಿಂದ ತಾನೇ ಬರೆದುಕೊಂಡ. ಚಿತ್ರದಷ್ಟೇ ಚಿತ್ರದ ಜೊತೆ ಹೋಗುವ ಕಾಗದವೂ ಮುಖ್ಯವೆಂಬುದು ಆ ವಯಸ್ಸಿಗೇ ಅವನಿಗೆ ಗೊತ್ತಾಗಿತ್ತು. 1924ರಲ್ಲಿ 'ವೋಗ್' ಅವನ ಚಿತ್ರವೊಂದನ್ನು ಮೊದಲ ಸಲ ಅಚ್ಚು ಹಾಕಿತು. ನಾಟಕಕ್ಕಾಗಿ ಹೆಣ್ಣುವೇಷ ಧರಿಸಿದ್ದ ಕೇಂಬ್ರಿಜ್‌ನ ಗೆಳೆಯನೊಬ್ಬನ ಚಿತ್ರ ಅದು, ಸ್ವಲ್ಪ ಮಸುಕು ಮಸುಕಾಗಿಯೇ ಇತ್ತು. ಮೂರು ನಾಲ್ಕು ವರ್ಷದೊಳಗೆ ಕವಯಿತ್ರಿ ಈಡಿತ್ ಸಿಟ್‌ವೆಲ್ ಮತ್ತು ಆಕೆಯ ಸೋದರರ ಸ್ನೇಹ ದೊರೆತು, ಶಿಫಾರಸಿನ ಅಗತ್ಯವೇ ಉಳಿಯಲಿಲ್ಲ.

ಕಾಗದದಿಂದ ಅವನಿಗೆ ಪೆಟ್ಟು ಬಿದ್ದದ್ದೂ ಉಂಟು. 1930ರಲ್ಲಿ 'ದಿ ಬುಕ್ ಆಫ್ ಬ್ಯೂಟಿ' ಎಂಬ ಪುಸ್ತಕ ಹೊರತಂದ. ಅವನ ಕ್ಯಾಮೆರಾದ ಮುಂದೆ ಕೂರಲು ಲೇಖಕಿ ವರ್ಜೀನಿಯಾ ವುಲ್ಫ್ ಒಪ್ಪಿರಲಿಲ್ಲ. ಆದರೂ ಆಕೆಯ ರೇಖಾಚಿತ್ರಗಳನ್ನು ಬರೆದು ಪುಸ್ತಕಕ್ಕೆ ಸೇರಿಸಿಬಿಟ್ಟ. ವುಲ್ಫ್ ಸುಮ್ಮನಿರಲಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಇದು ನಡೆದಿದೆ ಎಂದು 'ದಿ ನೇಷನ್ ಅಂಡ್ ಅಥೀನಿಯಂ' ವಾರಪತ್ರಿಕೆಯ ಸಂಪಾದಕರಿಗೆ ಆ ವರ್ಷದ ನವೆಂಬರಿನಲ್ಲಿ ಬಹಿರಂಗ ಪತ್ರ ಬರೆದಳು. ಬೀಟನ್ ಉತ್ತರಿಸಿದ. ಆಕೆ ಮತ್ತೆ ಬರೆದಳು. ಇಂದು ಒಬ್ಬರ ಮುಖವನ್ನು ಅವರ ಅನುಮತಿಯಿಲ್ಲದೆ ಬಳಸಬಹುದೇ ಎಂದು ನಾವು ಕೇಳುತ್ತಿರುವ ಪ್ರಶ್ನೆಯೇ ಈ ವಿನಿಮಯದ ತಿರುಳು. ವುಲ್ಫ್ ಹೇಳಿದ್ದು ಸರಿ, ಬೀಟನ್ ಮಾಡಿದ್ದು ತಪ್ಪು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಈ ತಪ್ಪು ಅವನ ಬಾಳಿನಲ್ಲಿ ಮತ್ತೆ ಮತ್ತೆ ಬಂತು. ಅದಕ್ಕಾಗಿ ಅವನು ತೆತ್ತ ಬೆಲೆ ಮುಂದೆ ಚಿತ್ರನಟಿ ಗ್ರೇಟಾ ಗಾರ್ಬೋಳ ವಿಷಯಕ್ಕೆ ಬಂದಾಗ ಕಾಣುತ್ತದೆ.

ಇದಕ್ಕಿಂತ ದೊಡ್ಡ ತಪ್ಪು 1938ರದು. ಅಮೆರಿಕದ 'ವೋಗ್'ಗೆ ಬರೆದುಕೊಟ್ಟ ಚಿತ್ರವೊಂದರ ಅಂಚಿನಲ್ಲಿ, ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ಯಹೂದಿಗಳನ್ನು ಹೀಯಾಳಿಸುವ ಮಾತುಗಳನ್ನು ತುರುಕಿದ್ದ. ಅಂಕಣಕಾರ ವಾಲ್ಟರ್ ವಿಂಚೆಲ್ ಅದನ್ನು ಬಯಲಿಗೆಳೆದ. ಪತ್ರಿಕೆಯ ಮಾಲೀಕ ಕಾಂಡೆ ನಾಸ್ಟ್ ಸುಮಾರು 1,30,000 ಪ್ರತಿಗಳನ್ನು ಹಿಂದಕ್ಕೆ ತರಿಸಿ ಮತ್ತೆ ಅಚ್ಚು ಹಾಕಿಸಬೇಕಾಯಿತು. ಬೀಟನ್‌ನ ಕೆಲಸ ಹೋಯಿತು. ಜರ್ಮನಿಯಲ್ಲಿ ಯಹೂದಿಗಳ ಮೇಲೆ ನಡೆಯುತ್ತಿದ್ದುದು ಲೋಕಕ್ಕೆಲ್ಲ ಗೊತ್ತಿದ್ದ ಹೊತ್ತು ಅದು. ಅವನ ಅಭಿಮಾನಿಗಳು ಇದನ್ನು ಯೌವನದ ಅವಿವೇಕವೆಂದು ಸಾರಿಸಿಬಿಡುತ್ತಾರೆ. ಆಗ ಅವನಿಗೆ 34 ವರ್ಷ. ಅವನ ಕಲೆಯನ್ನು ಮೆಚ್ಚುವವರು ಈ ಪುಟವನ್ನೂ ಓದಲೇಬೇಕು.

ಮುಳುಗಿದ್ದ ಅವನನ್ನು ಮೇಲಕ್ಕೆತ್ತಿದ್ದು ಅರಮನೆ. 1939ರ ಜುಲೈಯಲ್ಲಿ ಆರನೇ ಜಾರ್ಜ್ ದೊರೆಯ ಪತ್ನಿ ಎಲಿಜಬೆತ್ ತನ್ನ ಚಿತ್ರ ತೆಗೆಯಲು ಹೇಳಿಕಳಿಸಿದಳು. ಫೋನಿನಲ್ಲಿ ಕರೆ ಬಂದಾಗ ಯಾರೋ ತಮಾಷೆ ಮಾಡುತ್ತಿದ್ದಾರೆಂದೇ ಅವನು ಮೊದಲು ತಿಳಿದದ್ದು. ಅಲ್ಲಿ ಹುಟ್ಟಿದ ವಿಶ್ವಾಸ 14 ವರ್ಷ ಕಳೆದು ಫಲ ಕೊಟ್ಟಿತು. 1953ರಲ್ಲಿ ಆಕೆಯ ಮಗಳ ಪಟ್ಟಾಭಿಷೇಕದ ಹೊತ್ತಿಗೆ, ಅಳಿಯ ಫಿಲಿಪ್‌ನ ಗೆಳೆಯನಾಗಿದ್ದ ಬ್ಯಾರನ್ ಎಂಬ ಛಾಯಾಗ್ರಾಹಕನಿಗೆ ಆ ಅವಕಾಶ ಸಿಕ್ಕೀತೆಂದು ಬೀಟನ್ ಕಳವಳಪಟ್ಟಿದ್ದ. ಅವಕಾಶ ಬಂದದ್ದು ಅವನಿಗೆ. ಜೂನ್ 2ರಂದು, ಸಮಾರಂಭ ಮುಗಿದು ಮೆರವಣಿಗೆ ಅರಮನೆಗೆ ಮರಳಿದ ಮೇಲೆ, ವೆಸ್ಟ್‌ಮಿನ್‌ಸ್ಟರ್ ಅಬ್ಬಿಯ ಏಳನೇ ಹೆನ್ರಿಯ ಪೂಜಾಮಂದಿರವನ್ನು ಬಿಡಿಸಿದ್ದ ಪರದೆಯೊಂದರ ಮುಂದೆ ಹೊಸ ರಾಣಿಯನ್ನು ಕೂರಿಸಿ ಚಿತ್ರ ತೆಗೆದ. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ ತೋಟ, ಕಂಬ, ಮೆಟ್ಟಿಲು ಬಿಡಿಸಿದ ಪರದೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಿಗೆ ಆ ತಂತ್ರ ಹೊಸದೇನಲ್ಲ.

ಯುದ್ಧದ ಭಾಗವನ್ನು ಬೇಗ ಮುಗಿಸುತ್ತೇನೆ, ಅದಕ್ಕೇ ಬೇರೊಂದು ಉಪನ್ಯಾಸ ಬೇಕು. ಬಾಂಬು ದಾಳಿಯಲ್ಲಿ ಗಾಯಗೊಂಡು, ತಲೆಗೆ ಬ್ಯಾಂಡೇಜು ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಗೊಂಬೆ ಹಿಡಿದು ಕೂತ 3 ವರ್ಷದ ಹುಡುಗಿಯ ಚಿತ್ರ 1940ರ ಸೆಪ್ಟೆಂಬರಿನಲ್ಲಿ 'ಲೈಫ್' ಪತ್ರಿಕೆಯ ಮುಖಪುಟಕ್ಕೆ ಬಂದು ಅಮೆರಿಕನ್ನರ ಮನಸ್ಸನ್ನು ಕಲಕಿತು. 1943ರ ಕೊನೆಗೆ ಸರ್ಕಾರ ಅವನನ್ನು ಪೂರ್ವಕ್ಕೆ ಕಳಿಸಿತು. ಭಾರತಕ್ಕೂ ಬಂದ. ದೆಹಲಿಯ ವೈಸರಾಯ್ ಭವನ, ಕಲ್ಕತ್ತಾ, ಬರ್ಮಾ ಗಡಿ, ಅಲ್ಲಿಂದ ಚೀನಾ. 'ಫಾರ್ ಈಸ್ಟ್', 'ಇಂಡಿಯನ್ ಆಲ್ಬಮ್' ಎಂಬ ಪುಸ್ತಕಗಳು ಆ ತಿರುಗಾಟದ ಫಲ. ಜೈಪುರದ ಮಹಾರಾಣಿ ಗಾಯತ್ರಿ ದೇವಿಯ ಹೆಸರಾಂತ ಭಾವಚಿತ್ರವೂ ಅವನದೇ.

ಈಗ ಖಾಸಗಿ ಪತ್ರಗಳ ವಿಷಯ. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಬೀಟನ್‌ನ ಪ್ರೀತಿ ಹೆಚ್ಚಾಗಿ ಗಂಡಸರ ಮೇಲಿತ್ತು. ಇಂಗ್ಲೆಂಡಿನಲ್ಲಿ 1967ರವರೆಗೆ ಅದು ಅಪರಾಧ. ನಮ್ಮಲ್ಲಿ ದಂಡ ಸಂಹಿತೆಯ 377ನೇ ಕಲಮಿನ ಆ ಭಾಗ ಬಿದ್ದುಹೋದದ್ದು 2018ರಲ್ಲಿ. ಅಂಥ ಕಾಲದಲ್ಲಿ ಒಂದು ಪ್ರೇಮಪತ್ರ ಪೊಲೀಸರ ಕೈಗೆ ಸಿಕ್ಕಿದರೆ ಸಾಕ್ಷಿಯಾಗುತ್ತಿತ್ತು, ಬೆದರಿಸಿ ಹಣ ಕೀಳುವವನ ಕೈಗೆ ಸಿಕ್ಕಿದರೆ ಬಂಡವಾಳವಾಗುತ್ತಿತ್ತು. ಎಷ್ಟೋ ಜನ ಓದಿದ ಕೂಡಲೇ ಒಲೆಗೆ ಹಾಕುತ್ತಿದ್ದರು. ಬೀಟನ್ ಇಟ್ಟುಕೊಂಡ. ಪೀಟರ್ ವಾಟ್ಸನ್ ಎಂಬ ಕಲಾಪೋಷಕ, 'ಹೊರೈಜನ್' ಸಾಹಿತ್ಯ ಪತ್ರಿಕೆಗೆ ಹಣ ಹಾಕಿದವನು, ಬೀಟನ್‌ನ ಬಾಳಿನ ದೊಡ್ಡ ಪ್ರೀತಿ. ಆ ಪ್ರೀತಿಗೆ ಅತ್ತಲಿಂದ ಅಷ್ಟೇ ಪ್ರೀತಿ ಬರಲಿಲ್ಲ. ಕಾಗದಗಳು ಬಂದವು, ಸ್ನೇಹ ಉಳಿಯಿತು. ವಾಟ್ಸನ್ 1956ರಲ್ಲಿ ತೀರಿಕೊಂಡ. ಅಂಥ ಪತ್ರಗಳನ್ನು ಜೋಪಾನವಾಗಿ ಕಾಪಾಡಿದ್ದು ಧೈರ್ಯದ ಕೆಲಸ. ರಾಣಿಯ ಚಿತ್ರ ತೆಗೆಯಲು ಹೋಗುತ್ತಿದ್ದ ಮನುಷ್ಯನ ಮನೆಯ ಸಂದೂಕದಲ್ಲಿ ಅವನ ಮಾನವನ್ನೇ ಕಳೆಯಬಲ್ಲ ಕಾಗದಗಳಿದ್ದವು ಎಂಬುದನ್ನು ನೆನಪಿಟ್ಟುಕೊಂಡು ಆ ಅರಮನೆಯ ಚಿತ್ರಗಳನ್ನು ನೋಡಿದರೆ, ಅವುಗಳ ನಯನಾಜೂಕಿನ ಹಿಂದಿದ್ದ ಎಚ್ಚರ ಅರ್ಥವಾಗುತ್ತದೆ.

ಗ್ರೇಟಾ ಗಾರ್ಬೋಳನ್ನು ಅವನು ಮೊದಲು ಕಂಡದ್ದು 1932ರಲ್ಲಿ. ಮತ್ತೆ ಭೇಟಿಯಾದದ್ದು 1946ರಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಆಕೆ ಸಿನಿಮಾ ಬಿಟ್ಟು ವರ್ಷಗಳಾಗಿದ್ದವು. ಛಾಯಾಗ್ರಾಹಕರನ್ನು ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದಳು, ಹ್ಯಾರಿಯೆಟ್ ಬ್ರೌನ್ ಎಂಬ ಸುಳ್ಳು ಹೆಸರಿನಲ್ಲಿ ಓಡಾಡುತ್ತಿದ್ದಳು. ಪಾಸ್‌ಪೋರ್ಟಿಗೆ ಒಂದು ಚಿತ್ರ ಬೇಕಾಗಿದೆ, ತೆಗೆದುಕೊಡುತ್ತೀಯಾ ಎಂದು ಬೀಟನ್‌ನನ್ನು ಕೇಳಿದಳು. ಗೋಡೆಗೆ ನೇರವಾಗಿ ನಿಂತು ತೆಗೆಸಿಕೊಳ್ಳುವ ಬಿಗಿಮುಖದ ಚಿತ್ರದಿಂದ ಆರಂಭವಾದದ್ದು ಮೆಲ್ಲಮೆಲ್ಲನೆ ಸಡಿಲವಾಯಿತು. ಆಕೆ ಮೈಮರೆತು ಕ್ಯಾಮೆರಾದ ಮುಂದೆ ನಟಿಸತೊಡಗಿದಳು. ಪ್ರಿಂಟುಗಳನ್ನು ತಂದು ತೋರಿಸಿದಾಗ, ಅಚ್ಚಾಗಬಹುದಾದದ್ದಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಟ್ಟಳು. ಬೀಟನ್ ಚಿತ್ರಗಳನ್ನು 'ವೋಗ್'ಗೆ ಕೊಟ್ಟ. ಆಕೆ ಒಪ್ಪಿದ್ದಕ್ಕಿಂತ ಹೆಚ್ಚು ಚಿತ್ರಗಳು ಅಚ್ಚಾದವು. ಗಾರ್ಬೋ ಬಾಗಿಲು ಮುಚ್ಚಿಕೊಂಡಳು. ಅವನು ಕಾಗದದ ಮೇಲೆ ಕಾಗದ ಬರೆದ. ಮರುಟಪಾಲಿಗೆ ಕಾದ. ಉತ್ತರವಿಲ್ಲ.

ಈ ಪ್ರಸಂಗವನ್ನು ಖಾಸಗಿ ಎನ್ನುತ್ತೀರೋ, ವೃತ್ತಿಯದು ಎನ್ನುತ್ತೀರೋ? ತಪ್ಪು ನಡೆದದ್ದು ವೃತ್ತಿಯಲ್ಲಿ, ಒಬ್ಬ ಛಾಯಾಗ್ರಾಹಕ ಮತ್ತು ಒಂದು ಪತ್ರಿಕೆಯ ನಡುವಿನ ವ್ಯವಹಾರದಲ್ಲಿ. ಅದರ ಬೆಂಕಿ ಬಿದ್ದದ್ದು ಪ್ರೀತಿಗೆ. ಕ್ಷಮೆ ಬೇಡುವ ಕಾಗದವೂ ಅದೇ, ಪ್ರೇಮ ನಿವೇದನೆಯ ಕಾಗದವೂ ಅದೇ. ಬೇರೆ ಬೇರೆ ಕಡತಗಳಲ್ಲಿ ಇಡಲು ಹೋದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಮುಂದೆ ಗಾರ್ಬೋ ಕರಗಿದಳು, ಮತ್ತೆ ಹತ್ತಿರವಾದಳು. ಬೀಟನ್ ಮದುವೆಯ ಮಾತನ್ನೂ ಎತ್ತಿದ. ಆದರೆ ಅವನ ಹಳೆಯ ದೋಷ ಹೋಗಲಿಲ್ಲ. 1972ರಲ್ಲಿ 'ದಿ ಹ್ಯಾಪಿ ಇಯರ್ಸ್' ಎಂಬ ದಿನಚರಿ ಸಂಪುಟದಲ್ಲಿ ಆ ಸಂಬಂಧವನ್ನೆಲ್ಲ ಲೋಕದ ಮುಂದೆ ಹರಡಿದ. ಆಕೆ ಇನ್ನೂ ಬದುಕಿದ್ದಳು.

ಇಬ್ಬರಿಗೂ ಗೆಳತಿಯಾಗಿದ್ದ ಮರ್ಸಿಡಿಸ್ ಡಿ ಅಕೋಸ್ಟಾ ಗಾರ್ಬೋಳ ಪತ್ರಗಳನ್ನು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯಕ್ಕೆ ಒಪ್ಪಿಸಿದಾಗ ಬೇರೆ ರೀತಿ ನಡೆದುಕೊಂಡಳು. ಗಾರ್ಬೋ ತೀರಿಕೊಂಡು 10 ವರ್ಷವಾಗುವವರೆಗೆ ತೆರೆಯಕೂಡದೆಂದು ಷರತ್ತು ಹಾಕಿದಳು. ಗಾರ್ಬೋ ಹೋದದ್ದು 1990ರ ಏಪ್ರಿಲ್‌ನಲ್ಲಿ. 2000ದ ಏಪ್ರಿಲ್‌ನಲ್ಲಿ ಪೆಟ್ಟಿಗೆ ತೆರೆದರು, ಪ್ರಪಂಚದ ಪತ್ರಕರ್ತರೆಲ್ಲ ಕಾದಿದ್ದರು. ಅವರು ನಿರೀಕ್ಷಿಸಿದ್ದ ಪ್ರೇಮಪತ್ರ ಅದರಲ್ಲಿ ಇರಲಿಲ್ಲ. ಷರತ್ತನ್ನು ಪಾಲಿಸಿದ ಆ ಸಂಗ್ರಹಾಲಯದ ಬಗ್ಗೆ ನನಗೆ ಗೌರವವಿದೆ.

ದಿನಚರಿ ಇದ್ದಮೇಲೆ ಪತ್ರಗಳೇಕೆ ಎಂದು ನೀವು ಕೇಳಬಹುದು. ಬೀಟನ್ 1961ರಿಂದ 1978ರವರೆಗೆ ಆರು ಸಂಪುಟ ದಿನಚರಿಗಳನ್ನು ಪ್ರಕಟಿಸಿದ. ಅವು ಅವನೇ ತಿದ್ದಿ ತೀಡಿದವು. ನೆಗೆಟಿವ್‌ನ ಮೇಲೆ ಕುಂಚವಾಡಿಸಿ ಸೊಂಟ ತೆಳುಮಾಡುತ್ತಿದ್ದವನು ತನ್ನ ಹಿಂದಿನ ದಿನಗಳನ್ನೂ ಹಾಗೆಯೇ ರೀಟಚ್ ಮಾಡಿದ. ಅವನ ಅಧಿಕೃತ ಜೀವನಚರಿತ್ರೆಕಾರ ಹ್ಯೂಗೋ ವಿಕರ್ಸ್ 2002ರಿಂದೀಚೆಗೆ ಕೊನೆಯ ವರ್ಷಗಳ ಮೂಲ ದಿನಚರಿಗಳನ್ನು ಕತ್ತರಿ ಹಾಕದೆ ಹೊರತಂದಾಗ, ಅಚ್ಚಾದ ಬೀಟನ್‌ಗೂ ಬರೆದ ಬೀಟನ್‌ಗೂ ಎಷ್ಟು ಅಂತರವಿದೆ ಎಂದು ಓದುಗರಿಗೆ ಗೊತ್ತಾಯಿತು. ಅಂಚೆಡಬ್ಬಿಗೆ ಬಿದ್ದ ಕಾಗದಕ್ಕೆ ಈ ಸೌಕರ್ಯವಿಲ್ಲ. ಅದು ಹೋದಮೇಲೆ ಇನ್ನೊಬ್ಬರ ಸೊತ್ತು, ತಿದ್ದಲು ಮರಳಿ ಬರುವುದಿಲ್ಲ.

ಆದ್ದರಿಂದಲೇ ಇಲ್ಲಿ ಒಂದು ತೊಡಕೂ ಇದೆ. ಅವನ ಸಂಗ್ರಹದಲ್ಲಿ ಹೆಚ್ಚಾಗಿ ಸಿಗುವುದು ಬೇರೆಯವರು ಅವನಿಗೆ ಬರೆದದ್ದು. ಅವನ ದನಿ ಕೇಳಬೇಕಾದರೆ ಬೇರೆಯವರ ಸಂಗ್ರಹಗಳಿಗೆ ಹೋಗಬೇಕು. ಉದಾಹರಣೆಗೆ, 'ಮೈ ಫೇರ್ ಲೇಡಿ' ಮೊದಲು ನಾಟಕವಾಗಿ 1956ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗವೇರಿತು. ಆಸ್ಕಟ್ ಕುದುರೆ ಪಂದ್ಯದ ದೃಶ್ಯಕ್ಕೆ ಬೀಟನ್ ರೂಪಿಸಿದ ಕಪ್ಪುಬಿಳುಪು ಉಡುಗೆಗಳನ್ನು ಎಲ್ಲರೂ ಬಲ್ಲರು. ಏಳನೇ ಎಡ್ವರ್ಡ್ ದೊರೆ ಸತ್ತ 1910ರ ವರ್ಷ ಜನ ಶೋಕದ ಕಪ್ಪು ಧರಿಸಿ ಪಂದ್ಯಕ್ಕೆ ಬಂದ ನೆನಪಿನಿಂದ ಹುಟ್ಟಿದ ಕಲ್ಪನೆ ಅದು. ಆ ನಾಟಕದ ನಿರ್ಮಾಪಕ ಹರ್ಮನ್ ಲೆವಿನ್ ತನ್ನ ವ್ಯವಹಾರದ ಪತ್ರಗಳನ್ನು ಬಿಸಾಡಲಿಲ್ಲ. ಅವು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಉಳಿದಿದ್ದರಿಂದಲೇ ಆ ನಾಟಕ ಹಂತಹಂತವಾಗಿ ರೂಪುಗೊಂಡ ಬಗೆಯನ್ನು ಸಂಶೋಧಕ ಡಾಮಿನಿಕ್ ಮೆಕ್‌ಹ್ಯೂ ಬರೆಯಲು ಸಾಧ್ಯವಾಯಿತು. ಗಡುವು, ಸಂಭಾವನೆ, ಖರ್ಚು ಎಂಬ ಒಣ ವಿಷಯಗಳೇ ಅಂಥ ಪತ್ರಗಳಲ್ಲಿ ತುಂಬಿರುತ್ತವೆ. ರಂಗಭೂಮಿಯ ಇತಿಹಾಸಕ್ಕೆ ಬೇಕಾದದ್ದೂ ಅದೇ.

ಐಲೀನ್ ಹೋಸ್ ಎಂಬ ಹೆಣ್ಣುಮಗಳ ಹೆಸರನ್ನು ನೀವು ಕೇಳಿರಲಾರಿರಿ. 1953ರಿಂದ ಬೀಟನ್ ಸಾಯುವವರೆಗೆ ಆಕೆ ಅವನ ಕಾರ್ಯದರ್ಶಿ. ಬಂದ ಟಪಾಲನ್ನು ಒಡೆದು ನೋಡುವುದು, ಉತ್ತರ ಟೈಪು ಮಾಡುವುದು, ಬಿಲ್ಲು ವಸೂಲಿ, ಪ್ರಕಾಶಕರ ತಗಾದೆ, ಎಲ್ಲವೂ ಆಕೆಯದು. ಬಲಗೈ ಬಿದ್ದುಹೋದ ಮೇಲೆ ಬೀಟನ್ ಎಡಗೈಯಲ್ಲಿ ಬರೆಯುವುದನ್ನು ಕಲಿತ. ಆ ಐದಾರು ವರ್ಷ ಅವನನ್ನು ಹೊರಲೋಕಕ್ಕೆ ಜೋಡಿಸಿದ್ದು ಹೋಸ್. 1980ರ ಜನವರಿ 18ರಂದು ವಿಲ್ಟ್‌ಶೈರ್‌ನ ರೆಡ್ಡಿಶ್ ಹೌಸ್‌ನಲ್ಲಿ ಅವನು ತೀರಿಕೊಂಡ ಮೇಲೂ ಆಕೆ ಸಂಗ್ರಹದ ಕೈಬಿಡಲಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ರಾಜಮನೆತನದ ಸುಮಾರು 18,000 ಪ್ರಿಂಟು, ನೆಗೆಟಿವ್‌ಗಳು 1987ರಲ್ಲಿ ಆಕೆಯ ಉಯಿಲಿನ ಮೂಲಕ ಅಲ್ಲಿಗೆ ಬಂದವು. ಬೀಟನ್ ಕುರಿತ ಪುಸ್ತಕಗಳಲ್ಲಿ ಈಕೆಗೆ ಕೃತಜ್ಞತೆಯ ಒಂದು ಸಾಲು ಸಿಗುತ್ತದೆ. ಒಂದು ಅಧ್ಯಾಯ ಸಿಗಬೇಕಿತ್ತು.

ಪತ್ರ ಸಂಗ್ರಹಗಳ ಮೇಲೆ ಕೆಲಸ ಮಾಡಲು ಹೊರಟಿರುವ ವಿದ್ಯಾರ್ಥಿಗಳಿಗೆ ಕಾನೂನಿನ ಒಂದು ಮಾತು. ಕಾಗದ ಯಾರ ಕೈಸೇರಿತೋ ಅದು ಅವರ ವಸ್ತು. ಅದರೊಳಗಿನ ಬರವಣಿಗೆಯ ಹಕ್ಕು ಬರೆದವರದು. ಪೆಟ್ಟಿಗೆ ನಿಮ್ಮ ಮನೆಯಲ್ಲಿದೆ ಎಂದಮಾತ್ರಕ್ಕೆ ಪ್ರಕಟಿಸುವ ಹಕ್ಕು ಬರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ಗತಿಸಿದ ಮೇಲೂ 60 ವರ್ಷ ಆ ಹಕ್ಕು ವಾರಸುದಾರರಲ್ಲಿರುತ್ತದೆ. ಮರಣಾನಂತರ ಮೊದಲ ಸಲ ಪ್ರಕಟವಾದ ಬರಹಕ್ಕೆ ಪ್ರಕಟಣೆಯಿಂದ 60 ವರ್ಷ. ಓದುವುದಕ್ಕೂ ಉಳಿಸುವುದಕ್ಕೂ ಈ ಕಾನೂನು ಅಡ್ಡಿಯಲ್ಲ.

ಕೊನೆಯದಾಗಿ ಒಂದು ಬಿನ್ನಹ. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ಛಾಯಾಗ್ರಾಹಕರು ತಮ್ಮ ವೃತ್ತಿಯ ನೆನಪುಗಳನ್ನು ತಾವೇ ಬರೆದಿಟ್ಟು ಹೋದರು. ಊರೂರಿನ ಸ್ಟುಡಿಯೋದವರಿಗೆ, ನಾಟಕ ಕಂಪನಿಗಳ ಪರದೆ ಬರೆದವರಿಗೆ, ವೇಷಭೂಷಣ ಹೊಲಿದವರಿಗೆ ಆ ಅವಕಾಶವಿರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು. ಅಟ್ಟದ ಮೇಲೆ ಆರ್ಡರ್ ಪುಸ್ತಕ, ರಸೀದಿ ಕಟ್ಟು, ಬಾಕಿ ಕೇಳಿ ಬರೆದ ಕಾರ್ಡು, ಮನೆಯ ಸುದ್ದಿ ಬರೆದ ಇನ್‌ಲ್ಯಾಂಡ್ ಪತ್ರ ಏನಿದ್ದರೂ ರದ್ದಿಗೆ ಹಾಕಬೇಡಿ. ಇದು ಮನೆಯದು, ಇದು ಅಂಗಡಿಯದು ಎಂದು ಬೇರ್ಪಡಿಸಲೂ ಹೋಗಬೇಡಿ. ಇದ್ದ ಹಾಗೆ, ಇದ್ದ ಕ್ರಮದಲ್ಲೇ ಕಟ್ಟಿ, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯದವರ ಜೊತೆ ಮಾತಾಡಿ. ಪ್ರಕಟಣೆಗೆ ಕಾಲಮಿತಿ ಹಾಕಬೇಕೆನಿಸಿದರೆ ಹಾಕಿ, ಅದು ನಿಮ್ಮ ಹಕ್ಕು. ಕೊಡುವುದನ್ನು ಮಾತ್ರ ಮುಂದೂಡಬೇಡಿ.